ನೆಲ ಡೊಂಕಾದರೂ ಕುಣಿಯಬೇಕಾದ ಆಟ

1982ನೆಯ ಇಸವಿ, ಜುಲೈ ತಿಂಗಳ 1ನೆಯ ತಾರೀಖು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಲಾ ಹಾಬ್ರಾ ಎಂಬ ಊರಿನ ಬೌಲಿಂಗ್ ಮಂದಿರದಲ್ಲಿ ಲೀಗ್ ಪಂದ್ಯ ನಡೆದಿತ್ತು. ಆಡುತ್ತಿದ್ದವರಲ್ಲಿ ಒಬ್ಬ, 52 ವರ್ಷದ ಗ್ಲೆನ್ ಆಲಿಸನ್. ಹಿಂದೆ ವೃತ್ತಿಪರ ಪಂದ್ಯಗಳಲ್ಲಿ 5 ಪ್ರಶಸ್ತಿಗಳನ್ನು ಗೆದ್ದಿದ್ದ ಅನುಭವಿ ಆಟಗಾರ. ಅಂದು ಆತ ಎಸೆದ ಮೊದಲ ಚೆಂಡಿಗೆ ಹತ್ತು ಪಿನ್ನುಗಳೂ ಉರುಳಿದವು. ಎರಡನೆಯದಕ್ಕೂ ಉರುಳಿದವು. ಮೂರನೆಯದಕ್ಕೂ ಹಾಗೆಯೇ. ಒಂದು ಆಟದಲ್ಲಿ ಗಳಿಸಬಹುದಾದ ಪರಮಾವಧಿ ಅಂಕ 300. ಅದಕ್ಕೆ ಸಾಲಾಗಿ ಹನ್ನೆರಡು ಬಾರಿ ಒಂದೇ ಎಸೆತದಲ್ಲಿ ಎಲ್ಲವನ್ನೂ ಕೆಡವಬೇಕು. ಆಲಿಸನ್ ಒಂದು ಆಟವನ್ನಲ್ಲ, ಮೂರು ಆಟಗಳನ್ನು ಹೀಗೆ ಮುಗಿಸಿದ. ಮೂವತ್ತಾರು ಎಸೆತ, ಮುನ್ನೂರ ಅರವತ್ತು ಪಿನ್ನು. ಒಟ್ಟು ಅಂಕ 900.

ಅಲ್ಲಿಯವರೆಗೆ ಅಧಿಕೃತ ದಾಖಲೆಗಳಲ್ಲಿ ಕಾಣದಿದ್ದ ಸಾಧನೆಯಿದು. ಆದರೆ ಆಟದ ನಿಯಮಗಳನ್ನು ಕಾಯುತ್ತಿದ್ದ ಅಮೆರಿಕನ್ ಬೌಲಿಂಗ್ ಕಾಂಗ್ರೆಸ್ ಸಂಸ್ಥೆ ಅದಕ್ಕೆ ಮಾನ್ಯತೆ ಕೊಡಲಿಲ್ಲ. ಆಲಿಸನ್‌ನ ಕೈಯಲ್ಲಾಗಲಿ, ಚೆಂಡಿನಲ್ಲಾಗಲಿ, ಅಂಕಗಳ ಲೆಕ್ಕದಲ್ಲಾಗಲಿ ಅದು ಕಂಡ ದೋಷವಿರಲಿಲ್ಲ. ದೋಷವಿದ್ದದ್ದು ನೆಲದಲ್ಲಿ. ಲೇನಿನ ಮೇಲೆ ಎಣ್ಣೆ ಹರಡಿದ್ದ ರೀತಿ ನಿಯಮಕ್ಕೆ ಹೊಂದಿರಲಿಲ್ಲವೆಂಬುದೇ ಅದರ ತೀರ್ಪು. ಮೇಲ್ಮನವಿಗಳೂ ಫಲಿಸಲಿಲ್ಲ. ಮಾನ್ಯತೆ ಪಡೆದ ಮೊದಲ 900 ಎಂಬ ಕೀರ್ತಿ ಹದಿನೈದು ವರ್ಷಗಳ ಬಳಿಕ, 1997ರ ಫೆಬ್ರುವರಿ 2ರಂದು, ನೆಬ್ರಾಸ್ಕಾ ರಾಜ್ಯದ ಲಿಂಕನ್ ನಗರದಲ್ಲಿ ಜೆರೆಮಿ ಸೋನೆನ್‌ಫೆಲ್ಡ್ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿಯ ಪಾಲಾಯಿತು.

ಕಣ್ಣಿಗೆ ಕಾಣದ ಒಂದಿಷ್ಟು ಎಣ್ಣೆ ಮನುಷ್ಯನೊಬ್ಬನ ಜೀವಮಾನದ ಸಾಧನೆಯನ್ನು ದಾಖಲೆಯ ಪುಸ್ತಕದಿಂದ ಹೊರಗಿಡಬಲ್ಲುದೇ? ಈ ಎಣ್ಣೆಯ ಮಹಿಮೆಯಾದರೂ ಎಂಥದು?

ಕೇರಂ ಹಲಗೆಯ ಪುಡಿಯಂತೆ

ಬೌಲಿಂಗ್ ಎಂದೊಡನೆ ನಮ್ಮವರಿಗೆ ನೆನಪಾಗುವುದು ಕ್ರಿಕೆಟ್. ಇಲ್ಲಿ ಹೇಳುತ್ತಿರುವುದು ಹತ್ತು ಪಿನ್ನುಗಳ ಬೌಲಿಂಗ್ ಆಟವನ್ನು. ಬೆಂಗಳೂರಿನ ಮಾಲುಗಳಲ್ಲಿ ರಜೆಯ ದಿನ ಮಕ್ಕಳೊಡನೆ ಹೋಗಿ ಭಾರವಾದ ಚೆಂಡನ್ನು ಉರುಳಿಸಿ ಬಂದವರಿಗೆ ಇದು ಹೊಸತಲ್ಲ. ಲೇನು ಎಂದರೆ ಚೆಂಡು ಉರುಳುವ ಹಾದಿ. ಆಟಗಾರ ದಾಟಬಾರದ ಫೌಲ್ ಗೆರೆಯಿಂದ ಮೊದಲನೆಯ ಪಿನ್ನಿಗೆ 60 ಅಡಿ. ಹಾದಿಯ ಅಗಲ ಸುಮಾರು 42 ಅಂಗುಲ. ಅಗಲಕ್ಕೆ 39 ಹಲಗೆಗಳು. ಈಗಿನ ಕೃತಕ ಲೇನುಗಳಲ್ಲಿಯೂ ಆ ಹಲಗೆಗಳ ಗುರುತನ್ನು ಉಳಿಸಿಕೊಂಡಿದ್ದಾರೆ. ಎರಡು ಪಕ್ಕಗಳಲ್ಲಿಯೂ ಗಟರ್ ಎಂಬ ಕಾಲುವೆ. ಚೆಂಡಿನ ಭಾರ ಹೆಚ್ಚೆಂದರೆ 16 ಪೌಂಡು.

ದೂರದಿಂದ ನೋಡಿದರೆ ಲೇನು ಕನ್ನಡಿಯಂತೆ ಒಂದೇ ಸಮನಾಗಿ ಹೊಳೆಯುತ್ತದೆ. ಆದರೆ ಅದರ ಮೊದಲ ಮೂರರಲ್ಲಿ ಎರಡು ಪಾಲಿಗೆ ಎಣ್ಣೆ ಸವರಿರುತ್ತಾರೆ. ಪಿನ್ನುಗಳ ಕಡೆಯ ಉಳಿದ ಭಾಗ ಒಣಗಿರುತ್ತದೆ. ಎಣ್ಣೆಯ ಒಟ್ಟು ಪ್ರಮಾಣ ಒಂದು ಲೇನಿಗೆ ಸುಮಾರು 20ರಿಂದ 30 ಮಿಲಿಲೀಟರು, ಅಂದರೆ ನಾಲ್ಕರಿಂದ ಆರು ಚಹದ ಚಮಚದಷ್ಟು! ಅಷ್ಟೇ ಎಣ್ಣೆಯನ್ನು ಒಂದು ಯಂತ್ರ ಕೂದಲೆಳೆಗಿಂತ ಎಷ್ಟೋ ಪಾಲು ತೆಳ್ಳಗೆ ಹರಡಿಕೊಂಡು ಹೋಗುತ್ತದೆ.

ಈ ಎಣ್ಣೆ ಮೊದಲು ಬಂದದ್ದು ಆಟಕ್ಕಾಗಿ ಅಲ್ಲ, ಮರದ ರಕ್ಷಣೆಗಾಗಿ. ಚೆಂಡು ಬಂದು ಬೀಳುವ ಕಡೆ ಮೇಪಲ್ ಮರದ ಹಲಗೆಗಳೂ ನಡುವೆ ಪೈನ್ ಮರದ ಹಲಗೆಗಳೂ ಇದ್ದ ಕಾಲದಲ್ಲಿ, ದಿನವೆಲ್ಲ ಉಜ್ಜುವ ಚೆಂಡಿನಿಂದ ಮರ ಸವೆಯದಿರಲೆಂದು ಎಣ್ಣೆ ಹಚ್ಚುತ್ತಿದ್ದರು. ರಕ್ಷಣೆಗೆ ಬಂದ ಎಣ್ಣೆ ಕ್ರಮೇಣ ಆಟದ ಸೂತ್ರಧಾರನಾಯಿತು.

ಕೇರಂ ಆಡಿದವರಿಗೆ ಇದರ ಮರ್ಮ ಸುಲಭವಾಗಿ ತಿಳಿಯುತ್ತದೆ. ಹಲಗೆಯ ಮೇಲೆ ಪುಡಿ ಉದುರಿಸಿದಲ್ಲಿ ಸ್ಟ್ರೈಕರು ಜಾರಿ ಹೋಗುತ್ತದೆ. ಪುಡಿ ಅಳಿಸಿಹೋದಲ್ಲಿ ತಡೆದು ನಿಲ್ಲುತ್ತದೆ. ಬೌಲಿಂಗ್‌ನಲ್ಲಿಯೂ ಹಾಗೆಯೇ. ನುರಿತ ಆಟಗಾರ ಚೆಂಡಿಗೆ ಓರೆಯಾಗಿ ಸುತ್ತು ಕೊಟ್ಟು ಬಿಡುತ್ತಾನೆ. ಎಣ್ಣೆಯ ಮೇಲೆ ಆ ಸುತ್ತಿಗೆ ಹಿಡಿತ ಸಿಕ್ಕದು. ಚೆಂಡು ತಿರುಗುತ್ತಲೇ ಜಾರುತ್ತದೆ. ಒಣ ನೆಲ ಮುಟ್ಟಿದೊಡನೆ ಹಿಡಿತ ಸಿಕ್ಕಿ, ಬಲಗೈಯವನ ಚೆಂಡು ಎಡಕ್ಕೆ ಬಾಗುತ್ತದೆ. ಕೊನೆಗೆ ಬಾಗುವುದನ್ನು ಬಿಟ್ಟು ಸರಾಗವಾಗಿ ಉರುಳುತ್ತದೆ. ಜಾರು, ಬಾಗು, ಉರುಳು: ಚೆಂಡಿನ ಪಯಣದ ಮೂರು ಹಂತಗಳಿವು.

ಬಾಗುವುದರಿಂದ ಪ್ರಯೋಜನವೇನು? ಮೊದಲನೆಯ ಮತ್ತು ಮೂರನೆಯ ಪಿನ್ನುಗಳ ನಡುವಣ ಸಂದಿಗೆ ಚೆಂಡು ಸುಮಾರು 6 ಡಿಗ್ರಿ ಓರೆಯಾಗಿ ನುಗ್ಗಿದರೆ ಹತ್ತೂ ಉರುಳುವ ಸಂಭವ ಹೆಚ್ಚು. ಅಂಥ ಅಚ್ಚುಕಟ್ಟಾದ ಹೊಡೆತದಲ್ಲಿ ಚೆಂಡು ತಾನಾಗಿ ಮುಟ್ಟುವುದು 1, 3, 5, 9 ಎಂಬ ನಾಲ್ಕೇ ಪಿನ್ನುಗಳನ್ನು. ಉಳಿದ ಆರನ್ನು ಪಿನ್ನುಗಳೇ ಒಂದನ್ನೊಂದು ತಳ್ಳಿ ಕೆಡವುತ್ತವೆ. ನೇರವಾಗಿ ಎಸೆದ ಚೆಂಡಿಗೆ ಆ ಓರೆ ಎಂದಿಗೂ ಸಿಕ್ಕದು. ಅದು ಪಿನ್ನಿಗೆ ತಾಗಿ ಪಕ್ಕಕ್ಕೆ ಸರಿದುಬಿಡುತ್ತದೆ.

ಕ್ಷಮಿಸುವ ನೆಲ, ಕ್ಷಮಿಸದ ನೆಲ

ಸಾಮಾನ್ಯ ಬೌಲಿಂಗ್ ಮಂದಿರಗಳಲ್ಲಿ ಲೇನಿನ ನಡುವೆ ದಟ್ಟವಾಗಿಯೂ ಎರಡು ಅಂಚುಗಳಲ್ಲಿ ತೆಳುವಾಗಿಯೂ ಎಣ್ಣೆ ಹಾಕುತ್ತಾರೆ. ನಡುವಣ ಎಣ್ಣೆ ಅಂಚಿನದಕ್ಕಿಂತ ಎಂಟು ಹತ್ತು ಪಟ್ಟು ಇರುವುದೂ ಉಂಟು. ಇದರ ಫಲ ವಿಚಿತ್ರವಾದುದು. ಬಲಗೈ ಆಟಗಾರನ ಚೆಂಡು ಗುರಿ ತಪ್ಪಿ ಬಲಕ್ಕೆ ಹೋಯಿತೆನ್ನಿ. ಅಲ್ಲಿ ನೆಲ ಒಣಗಿರುವುದರಿಂದ ಅದು ಹೆಚ್ಚು ಬಾಗಿ ಸಂದಿಗೇ ಮರಳುತ್ತದೆ. ತಪ್ಪಿ ಎಡಕ್ಕೆ ಹೋದರೆ ಅಲ್ಲಿ ಎಣ್ಣೆ ದಟ್ಟ. ಚೆಂಡು ಕಡಿಮೆ ಬಾಗಿ ಮತ್ತೆ ಸಂದಿಗೇ ಸೇರುತ್ತದೆ. ತಾಯಿ ಮಗುವಿನ ಕೈ ಹಿಡಿದು ನಡೆಸುವಂತೆ ನೆಲವೇ ಚೆಂಡನ್ನು ನಡೆಸುತ್ತದೆ. ಆಟಗಾರನಿಗೆ ತಾನು ತಪ್ಪಿದ್ದೇ ತಿಳಿಯದು.

ಇಂಥ ಸಹಾಯ ಮಿತಿಮೀರಬಾರದೆಂದೇ ನಿಯಮಗಳಿದ್ದವು. ಆಲಿಸನ್‌ನ 900 ಸಿಕ್ಕಿಬಿದ್ದದ್ದು ಆ ಬಲೆಯಲ್ಲಿ. ಅದೇ ನೆಲದ ಮೇಲೆ ಅಂದು ಆಡಿದವರೆಲ್ಲ 900 ಗಳಿಸಲಿಲ್ಲವೆಂದು ಆತನ ಪರವಾದವರು ಹೇಳಬಹುದು. ಆ ಮಾತು ನಿಜ. ನೆಲದ ನೆರವನ್ನು ಕಳೆದು ಮನುಷ್ಯನ ಕೌಶಲವನ್ನಷ್ಟೇ ಅಳೆಯುವುದು ಹೇಗೆಂದು ಎದುರುಪಕ್ಷದವರು ಕೇಳಬಹುದು; ಆ ಮಾತೂ ನಿಜ. ಆ ವ್ಯಾಜ್ಯದಲ್ಲಿ ಯಾರ ಪಕ್ಷ ಹಿಡಿದರೂ ಒಂದು ಪಾಠ ಉಳಿಯುತ್ತದೆ: ಸುಲಭವಾದ ನೆಲದ ಮೇಲೆ ಬಂದ ಅಂಕಗಳೆಲ್ಲ ನಮ್ಮ ಸ್ವಂತ ಸಂಪಾದನೆಯಲ್ಲ.

ಪಂದ್ಯಾವಳಿಗಳಿಗೆಂದು ಸಿದ್ಧಪಡಿಸುವ ಕಠಿಣ ಲೇನುಗಳಲ್ಲಿ ಈ ಋಣ ತೀರಿಸಬೇಕಾಗುತ್ತದೆ. ಅಮೆರಿಕದಲ್ಲಿ ಇಂಥ 'ಸ್ಪೋರ್ಟ್' ಮಾದರಿಗೆ ನಡುವಣ ಎಣ್ಣೆ ಅಂಚಿನದಕ್ಕಿಂತ ಮೂರು ಪಟ್ಟು ಮೀರಬಾರದೆಂಬ ಕಟ್ಟಳೆಯಿದೆ. ಯು.ಎಸ್. ಓಪನ್ ಪಂದ್ಯಾವಳಿಯಂತೂ ಅಗಲಕ್ಕೂ ಹೆಚ್ಚುಕಡಿಮೆ ಒಂದೇ ಸಮನಾದ ಎಣ್ಣೆಗೆ ಹೆಸರಾದುದು. ಅಲ್ಲಿ ಬಲಕ್ಕೆ ತಪ್ಪಿದ ಚೆಂಡು ಮರಳಿ ಬಾರದು. ಎಡಕ್ಕೆ ತಪ್ಪಿದ ಚೆಂಡು ಮೊದಲನೆಯ ಪಿನ್ನಿನ ಮುಖಕ್ಕೇ ಬಡಿದು, ಉಳಿದ ಪಿನ್ನುಗಳನ್ನು ಆ ಮೂಲೆಗೊಂದು ಈ ಮೂಲೆಗೊಂದು ನಿಲ್ಲಿಸಿ ಅಣಕಿಸುತ್ತದೆ. ತನ್ನೂರಿನ ಮಂದಿರದಲ್ಲಿ 200ರ ಸರಾಸರಿಯಿಂದ ಮೆರೆಯುತ್ತಿದ್ದವನು ಇಲ್ಲಿ 170ಕ್ಕೆ ಇಳಿಯುವುದು ಅಪರೂಪವಲ್ಲ. ಕುಣಿಯಲಾರದವಳು ಅಂಗಳ ಡೊಂಕೆಂದಳೆಂಬ ಗಾದೆಯಿದೆ. ಈ ಆಟದಲ್ಲಿ ಅಂಗಳ ನಿಜವಾಗಿಯೂ ಡೊಂಕು. ಆದರೂ ಕುಣಿಯಲೇಬೇಕು!

ನೆಲವನ್ನು ಓದುವ ಬಗೆ

ಕಾಣದ ಎಣ್ಣೆಯನ್ನು ಓದುವುದು ಹೇಗೆ? ಅದಕ್ಕೆ ಇರುವ ಲಿಪಿ ಒಂದೇ, ಚೆಂಡಿನ ನಡೆ. ಪಂದ್ಯಕ್ಕೆ ಮುಂಚೆ ಅಭ್ಯಾಸಕ್ಕೆ ಕೊಡುವ ಕೆಲವು ನಿಮಿಷಗಳಲ್ಲಿ ಅವಿವೇಕಿ ಹತ್ತೂ ಪಿನ್ನು ಕೆಡವಲು ಹೆಣಗುತ್ತಾನೆ. ವಿವೇಕಿ ಪಿನ್ನುಗಳನ್ನು ಮರೆತು ನೆಲವನ್ನು ಪರೀಕ್ಷಿಸುತ್ತಾನೆ. ಫೌಲ್ ಗೆರೆಯಿಂದ ಸುಮಾರು 15 ಅಡಿಗಳಾಚೆ ಐದೈದು ಹಲಗೆಗಳಿಗೆ ಒಂದರಂತೆ ಏಳು ಬಾಣದ ಗುರುತುಗಳಿವೆ. ಬಲಗಡೆಯ ಬಾಣದಿಂದ ತೊಡಗಿ ಒಂದೊಂದರ ಮೇಲೂ ಚೆಂಡು ಬಿಟ್ಟು, ಅದು ಎಲ್ಲಿ ಬಾಗಲು ತೊಡಗಿತು, ಎಷ್ಟು ಬಾಗಿತು ಎಂಬುದನ್ನು ಕೊನೆಯ ಇಪ್ಪತ್ತು ಅಡಿಗಳವರೆಗೂ ಕಣ್ಣು ಮಿಟುಕಿಸದೆ ನೋಡುತ್ತಾನೆ.

ಎಣ್ಣೆಯ ಉದ್ದ ಮೊದಲೇ ತಿಳಿದಿದ್ದರೆ ಒಂದು ಸುಲಭ ಗಣಿತವುಂಟು. ಆ ಉದ್ದದ ಅಡಿಗಳಿಂದ 31ನ್ನು ಕಳೆಯಬೇಕು. ಬಂದ ಸಂಖ್ಯೆಯೇ, ಚೆಂಡು ಎಣ್ಣೆಯನ್ನು ಬಿಟ್ಟು ಒಣ ನೆಲಕ್ಕೆ ಬರುವಾಗ ಇರಬೇಕಾದ ಹಲಗೆ. ಎಣಿಕೆ ಬಲಗೈಯವನಿಗೆ ಬಲದ ಅಂಚಿನಿಂದ, ಎಡಗೈಯವನಿಗೆ ಎಡದ ಅಂಚಿನಿಂದ. ಎಣ್ಣೆ 40 ಅಡಿ ಇದ್ದರೆ 9ನೆಯ ಹಲಗೆ. 33 ಅಡಿಯಾದರೆ 2ನೆಯದು, ಎಂದರೆ ಗಟರಿನ ಅಂಚಿನಲ್ಲೇ ಚೆಂಡು ಸಾಗಬೇಕು. 47 ಅಡಿಯಾದರೆ 16ನೆಯದು, ಹೆಚ್ಚುಕಡಿಮೆ ಲೇನಿನ ನಡುವೆಯೇ. ಇದು ಬ್ರಹ್ಮಲಿಪಿಯಲ್ಲ, ಹುಡುಕಾಟವನ್ನು ಎಲ್ಲಿಂದ ತೊಡಗಬೇಕೆಂಬುದರ ಸೂಚನೆ ಮಾತ್ರ.

ಇದರ ಹಿಂದಿರುವ ತರ್ಕ ಸರಳವಾದುದು. ಎಣ್ಣೆ ಗಿಡ್ಡವಾಗಿದ್ದರೆ ಒಣ ನೆಲ ಹೆಚ್ಚು, ಚೆಂಡು ವಿಪರೀತ ಬಾಗುತ್ತದೆ. ಆದುದರಿಂದ ಬಾಗಲು ಜಾಗ ಸಾಲುವಂತೆ ಅಂಚಿನಿಂದ, ಹಿಡಿತ ಕಡಿಮೆಯಾದ ಚೆಂಡಿನಿಂದ ಆಡಬೇಕು. ಎಣ್ಣೆ ಉದ್ದವಾಗಿದ್ದರೆ ಬಾಗಲು ಎಡೆಯೇ ಇಲ್ಲ. ಅಂಚಿಗೆ ಹೋದ ಚೆಂಡು ಮರಳದು. ಅಲ್ಲಿ ನಡುವಿನಿಂದ, ಹೊಳಪು ತೆಗೆದು ಒರಟಾಗಿಸಿದ ಚೆಂಡನ್ನು ಕೊಂಚ ನಿಧಾನವಾಗಿ ಬಿಡಬೇಕು. ಅಮೆರಿಕದ ವೃತ್ತಿಪರ ಬೌಲರುಗಳ ಸಂಘ ತನ್ನ ಎಣ್ಣೆಯ ಮಾದರಿಗಳಿಗೆ ಚೀತಾ, ವೈಪರ್, ಗೋಸುಂಬೆ, ಚೇಳು, ಶಾರ್ಕ್ ಎಂದು ಪ್ರಾಣಿಗಳ ಹೆಸರಿಟ್ಟಿತು. ಚೀತಾ ಗಿಡ್ಡ ಎಣ್ಣೆ, ಶಾರ್ಕ್ ಉದ್ದದ್ದು. ಪ್ರತಿಯೊಂದಕ್ಕೂ ಬೇರೆ ಬೇರೆ ಬೇಟೆಯ ಉಪಾಯ ಬೇಕೆಂಬುದನ್ನು ಆ ಹೆಸರುಗಳೇ ಸಾರುತ್ತವೆ.

ತಪ್ಪಿದ ದಿಕ್ಕಿಗೇ ಹೆಜ್ಜೆ

ಚೆಂಡು ಗುರಿ ತಪ್ಪಿತು. ಆಗೇನು ಮಾಡಬೇಕು? ಹೊಸಬನಿಗೆ ತೋಚುವುದು ತಪ್ಪಿದ ದಿಕ್ಕಿಗೆ ವಿರುದ್ಧವಾಗಿ ಸರಿಯುವುದು. ಅನುಭವಿಗಳ ಮಾತು ಇದಕ್ಕೆ ತದ್ವಿರುದ್ಧ: ಚೆಂಡು ಯಾವ ಕಡೆಗೆ ತಪ್ಪಿತೋ ಆ ಕಡೆಗೇ ಪಾದ ಸರಿಯಬೇಕು. ಬಲಗೈಯವನ ಚೆಂಡು ಹೆಚ್ಚು ಬಾಗಿ ಎಡಕ್ಕೆ ಹೋಯಿತೆನ್ನಿ. ನಿಲ್ಲುವ ಜಾಗವನ್ನು ಎಡಕ್ಕೆ ಎರಡು ಹಲಗೆ, ಕಣ್ಣಿಟ್ಟ ಗುರಿಯನ್ನು ಎಡಕ್ಕೆ ಒಂದು ಹಲಗೆ ಸರಿಸಿದರೆ, ಚೆಂಡು ದಟ್ಟ ಎಣ್ಣೆಯ ಮೇಲೆ ಇನ್ನಷ್ಟು ದೂರ ಜಾರಿ, ಸ್ವಲ್ಪ ಹೆಚ್ಚು ಬಲಕ್ಕೆ ಹೋಗಿ, ತಡವಾಗಿ ಬಾಗುತ್ತದೆ. ಬಾಗದೆ ಬಲಕ್ಕೆ ತಪ್ಪಿದರೆ ಇದರ ವಿಪರ್ಯಾಸ.

ಆದರೆ ಒಂದು ಎಚ್ಚರ. ಸರಿಯುವ ಮುನ್ನ, ತಪ್ಪು ನೆಲದ್ದೋ ತನ್ನದೋ ಎಂದು ಆಟಗಾರ ತನ್ನನ್ನೇ ಕೇಳಿಕೊಳ್ಳಬೇಕು. ಕೈ ತಪ್ಪಿ ಬಿಟ್ಟ ಚೆಂಡಿಗಾಗಿ ಜಾಗ ಬದಲಿಸುವುದು, ಓದದೆ ನಪಾಸಾದವನು ಶಾಲೆ ಬದಲಿಸಿದಂತೆ. ಚೆಂಡು ಗುರಿಯ ಹಲಗೆಯ ಮೇಲೆಯೇ ಹಾದೂ ತಪ್ಪಿದ್ದರೆ ಆಗ ನೆಲ ಮಾತನಾಡಿದೆ ಎಂದು ತಿಳಿಯಬೇಕು. ಕ್ಷಮಿಸುವ ನೆಲದ ಮೇಲೆ ಈ ವಿವೇಚನೆ ಬೆಳೆಯದೆ ಇರುವುದೇ ಅದರ ದೊಡ್ಡ ಅಪಾಯ.

ಇನ್ನೊಂದು ತೊಡಕು, ನೆಲ ಒಂದೇ ರೀತಿ ನಿಲ್ಲದು. ಇಂದಿನ ಹೀರುಗುಣದ ಚೆಂಡುಗಳು ತಾವು ಹಾದ ದಾರಿಯ ಎಣ್ಣೆಯನ್ನು ಮೆಲ್ಲಮೆಲ್ಲನೆ ಎತ್ತಿಕೊಂಡು ಹೋಗುತ್ತವೆ. ಮೊದಲ ಆಟದಲ್ಲಿ ಸರಿಯಾಗಿದ್ದ ದಾರಿ ಮೂರನೆಯ ಆಟದ ಹೊತ್ತಿಗೆ ಒಣಗಿ, ಚೆಂಡು ಬೇಗನೆ ಬಾಗುತ್ತದೆ. ನಯವಾದ ಪ್ಲಾಸ್ಟಿಕ್ ಚೆಂಡುಗಳಾದರೋ ಎಣ್ಣೆಯನ್ನು ಮುಂದಕ್ಕೆ ಒಯ್ದು ಒಣ ನೆಲಕ್ಕೂ ಸವರುತ್ತವೆ. ಹಿಂದಿನ ಎಸೆತಕ್ಕೆ ಹತ್ತೂ ಉರುಳಿದವೆಂಬುದು ಮುಂದಿನದಕ್ಕೆ ಭರವಸೆಯಲ್ಲ. ಸಂದಿಗೇ ತಾಗಿದರೂ ಬಲಮೂಲೆಯ ಹತ್ತನೆಯ ಪಿನ್ನು ಮತ್ತೆ ಮತ್ತೆ ಉಳಿದರೆ, ಚೆಂಡು ಮೊದಲೇ ಬಾಗಿ ಬಸವಳಿಯುತ್ತಿರಬಹುದೆಂದು ಜಾಣ ಊಹಿಸುತ್ತಾನೆ. ಕೇಡು ಕಾಣಿಸಿಕೊಳ್ಳುವ ಮುಂಚೆಯೇ ಸರಿಯುತ್ತಾನೆ.

ಜಾಗ, ವೇಗ, ಕೈಯ ಸುತ್ತು, ಚೆಂಡು: ಬದಲಿಸಬಹುದಾದವು ಮುಖ್ಯವಾಗಿ ಈ ನಾಲ್ಕು. ಒಮ್ಮೆಗೆ ಒಂದನ್ನೇ ಬದಲಿಸಬೇಕು. ನಾಲ್ಕನ್ನೂ ಒಟ್ಟಿಗೆ ಬದಲಿಸಿದವನಿಗೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಎಲ್ಲ ಔಷಧಗಳನ್ನೂ ಒಂದೇ ದಿನ ನುಂಗಿದ ರೋಗಿಯ ಪಾಡು ಅವನದು.

ಚೆಂಡಿನ ವಿಷಯದಲ್ಲಿ ಮನುಷ್ಯನ ಸಾಹಸ ಕಡಿಮೆಯದಲ್ಲ. ಗಡಸು ಮರದ ಚೆಂಡುಗಳ ಬಳಿಕ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ರಬ್ಬರಿನವು ಬಂದವು. ಅನಂತರ ಪಾಲಿಯೆಸ್ಟರ್, 1980ರ ದಶಕದ ಆದಿಯಲ್ಲಿ ಯುರಿಥೇನ್, 1990ರ ದಶಕದ ಆದಿಯಲ್ಲಿ ರಾಳದ ಚೆಂಡುಗಳು. ನಡುವೆ 1973ರಲ್ಲಿ ಡಾನ್ ಮಕ್ಯೂನ್ ಎಂಬಾತ ಚೆಂಡನ್ನು ರಾಸಾಯನಿಕ ದ್ರವದಲ್ಲಿ ನೆನೆಸಿ ಮೆತ್ತಗಾಗಿಸಿ, ನೆಲದ ಮೇಲೆ ಅದರ ಹಿಡಿತ ಹೆಚ್ಚಿಸಿಕೊಂಡ. ಆ ವರ್ಷದ ಶ್ರೇಷ್ಠ ವೃತ್ತಿಪರ ಆಟಗಾರನೆನಿಸಿಕೊಂಡ. ಬೆಂಕಿ ಹತ್ತಬಲ್ಲ ಆ ದ್ರವದಲ್ಲಿ ಎಲ್ಲರೂ ಚೆಂಡು ಅದ್ದತೊಡಗಿದಾಗ, ಚೆಂಡು ಇಂತಿಷ್ಟು ಗಡಸಾಗಿರಲೇಬೇಕೆಂಬ ನಿಯಮ ಬಂದಿತು. ಅಮೆರಿಕದ ಈಗಿನ ನಿಯಮದಂತೆ ಮಾನ್ಯತೆ ಪಡೆದ ಪಂದ್ಯ ನಡೆಯುವಾಗ ಚೆಂಡಿನ ಮೈಯನ್ನು ಉಜ್ಜಿ ಒರಟು ಮಾಡುವುದೂ ನಿಷಿದ್ಧ. ಸಿದ್ಧತೆಯೆಲ್ಲ ಮೊದಲೇ ಆಗಬೇಕು.

ಸಣ್ಣ ಸಂಪಾದನೆಯ ಮಹಿಮೆ

ಇಷ್ಟೆಲ್ಲ ತಿಳಿದರೂ ಕಠಿಣವಾದ ನೆಲದ ಮೇಲೆ ಪ್ರತಿ ಬಾರಿಯೂ ಹತ್ತು ಪಿನ್ನು ಬೀಳುವುದಿಲ್ಲ. ಅಲ್ಲಿ ಕಾಪಾಡುವುದು ಸ್ಪೇರ್, ಅಂದರೆ ಮೊದಲ ಎಸೆತಕ್ಕೆ ಉಳಿದುದನ್ನು ಎರಡನೆಯ ಎಸೆತದಲ್ಲಿ ಕೆಡವುವುದು.

ಲೆಕ್ಕ ಹಾಕಿ ನೋಡಿ. ಒಬ್ಬ ಒಂದು ಸರದಿಯಲ್ಲಿ ಹತ್ತನ್ನೂ ಒಮ್ಮೆಗೇ ಕೆಡವುತ್ತಾನೆ, ಮರುಸರದಿಯಲ್ಲಿ ಒಂಬತ್ತು ಕೆಡವಿ ಉಳಿದೊಂದನ್ನು ಬಿಡುತ್ತಾನೆ. ಹೀಗೆ ಹತ್ತು ಸರದಿ ಆಡಿದರೆ ಐದು ಸ್ಟ್ರೈಕುಗಳ ವೈಭವವಿದ್ದರೂ ಒಟ್ಟು ಅಂಕ 140. ಇನ್ನೊಬ್ಬ ಒಂದು ಸ್ಟ್ರೈಕನ್ನೂ ಹೊಡೆಯುವುದಿಲ್ಲ. ಪ್ರತಿ ಸರದಿಯಲ್ಲೂ ಒಂಬತ್ತು ಕೆಡವಿ ಉಳಿದೊಂದನ್ನು ಎರಡನೆಯ ಎಸೆತಕ್ಕೆ ತಪ್ಪದೆ ತೆಗೆಯುತ್ತಾನೆ. ಕೊನೆಯಲ್ಲಿ ಸಿಗುವ ಹೆಚ್ಚಿನ ಎಸೆತಕ್ಕೂ ಒಂಬತ್ತೇ. ಅವನ ಅಂಕ 190! ಲಾಟರಿಯ ಆಸೆಯ ಮೇಲೆ ಸಂಸಾರ ನಡೆಯದು, ತಿಂಗಳ ಸಂಬಳದ ಮೇಲೆ ನಡೆಯುತ್ತದೆ ಎಂಬುದನ್ನು ಬಲ್ಲ ಗೃಹಸ್ಥನಿಗೆ ಈ ಗಣಿತವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅನೇಕ ನುರಿತ ಆಟಗಾರರು ಸ್ಪೇರಿಗೆಂದೇ ನಯವಾದ ಪ್ಲಾಸ್ಟಿಕ್ ಚೆಂಡೊಂದನ್ನು ಇಟ್ಟುಕೊಂಡಿರುತ್ತಾರೆ. ಅದನ್ನು ನೇರವಾಗಿ ಎಸೆದರೆ ಹೆಚ್ಚು ಬಾಗದು; ಎಣ್ಣೆ ಹೇಗಿದ್ದರೂ ಅದಕ್ಕೆ ಹೆಚ್ಚು ಚಿಂತೆಯಿಲ್ಲ. ಮಾಲುಗಳಲ್ಲಿ ಆಡುವವರಿಗೆ ಸಾಮಾನ್ಯವಾಗಿ ಕೊಡುವುದೂ ಇಂಥ ಚೆಂಡನ್ನೇ.

ಬದಲಾಗಬಲ್ಲವನ ಗೆಲುವು

ಫಿಲಿಪ್ಪೀನ್ಸ್ ದೇಶದ ರಾಫೇಲ್ ನೆಪೊಮುಸೆನೊ ಎಂಬ ಎಡಗೈ ಆಟಗಾರ ಬೌಲಿಂಗ್ ವಿಶ್ವಕಪ್ಪನ್ನು ನಾಲ್ಕು ಸಲ ಗೆದ್ದ. ಮೊದಲ ಸಲ 1976ರಲ್ಲಿ ತೆಹರಾನಿನಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಆಮೇಲೆ 1980ರಲ್ಲಿ ಜಕಾರ್ತದಲ್ಲಿ, 1992ರಲ್ಲಿ ಫ್ರಾನ್ಸಿನ ಲ ಮಾನ್‌ನಲ್ಲಿ, 1996ರಲ್ಲಿ ಬೆಲ್‌ಫಾಸ್ಟಿನಲ್ಲಿ. ನಾಲ್ಕೂ ಬೇರೆ ಬೇರೆ ದೇಶದ ನೆಲ. ಎಡಗೈಯವರು ವಿರಳವಾದುದರಿಂದ ಅವರ ಬದಿಯ ಎಣ್ಣೆ ಬೇಗ ಅಳಿಯದು ಎಂಬುದು ದಿಟ. ಆದರೆ ಮೊದಲ ಗೆಲುವಿಗೂ ಕೊನೆಯ ಗೆಲುವಿಗೂ ನಡುವಣ ಇಪ್ಪತ್ತು ವರ್ಷಗಳಲ್ಲಿ ಚೆಂಡು ಬದಲಾಯಿತು, ಲೇನಿನ ಮರ ಹೋಗಿ ಕೃತಕ ಹಾಸು ಬಂದಿತು, ಎಣ್ಣೆಯೂ ಅದನ್ನು ಹಚ್ಚುವ ಯಂತ್ರಗಳೂ ಬದಲಾದವು. ಒಂದೇ ಎಸೆತವನ್ನು ನೆಚ್ಚಿ ಕುಳಿತವನಿಗೆ ಇಂಥ ದೀರ್ಘವಾದ ಯಶಸ್ಸು ಒಲಿಯುವುದಿಲ್ಲ.

ಕಠಿಣವಾದ ಲೇನಿನ ಮುಂದೆ ನಿಂತವನಿಗೆ ಎರಡು ದಾರಿಗಳಿವೆ. ಎಣ್ಣೆಯನ್ನೂ ಅದನ್ನು ಹಚ್ಚಿದವನನ್ನೂ ಬೈಯುತ್ತ ನಿನ್ನೆಯ ಎಸೆತವನ್ನೇ ಇಂದೂ ಎಸೆಯುವುದು ಒಂದು. ನೆಲ ಏನು ಹೇಳುತ್ತಿದೆಯೆಂದು ಕಿವಿಗೊಟ್ಟು, ಎರಡು ಹಲಗೆ ಆಚೆಗೆ ಸರಿದು, ಸಿಕ್ಕ ಒಂಬತ್ತಕ್ಕೆ ಉಳಿದ ಒಂದನ್ನು ಸೇರಿಸಿಕೊಳ್ಳುವುದು ಇನ್ನೊಂದು. ಅಂಗಳದ ಡೊಂಕನ್ನು ತಿದ್ದುವುದು ಕುಣಿಯುವವನ ಕೈಯಲ್ಲಿಲ್ಲ. ಹೆಜ್ಜೆಯನ್ನು ತಿದ್ದಿಕೊಳ್ಳುವುದು ಮಾತ್ರ ಅವನ ಕೈಯಲ್ಲೇ ಇದೆ.